ಸಂಪಾದಕರ ಉತ್ತರ: ಮರಕ್ಕೆ ಬಂದ ಹಕ್ಕಿಗೆ ಕೋವಿ ಎತ್ತಬಹುದೇ?

ಪ್ರೀತಿಯ ಓದುಗರೇ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ತಡವಾಯಿತು ಅಂತ ಬೇಸರ ಮಾಡ್ಕೋಬೇಡಿ. ಹೌದು, ಇಲ್ಲ ಅಂತ ಒಂದು ಮಾತಲ್ಲಿ ಮುಗಿಸಲು ಮನಸ್ಸಾಗಲಿಲ್ಲ.

ಬೇರೆ ಓದುಗರಿಗೂ ಗೊತ್ತಾಗಲಿ ಅಂತ ನೀವು ಬರೆದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ನೀವು ವಿರಾಜಪೇಟೆ ಕಡೆಯವರು. ಈಗ ಇಂಗ್ಲೆಂಡಿನ ಸಫೋಕ್‌ನ ಒಂದು ಹಳ್ಳಿಯಲ್ಲಿದ್ದೀರಿ. ಪಕ್ಕದ ಜಮೀನಿನ ರೈತರು ಫೆಬ್ರವರಿಯ ಶನಿವಾರ ಸಂಜೆ ಕಾಡುಪಾರಿವಾಳದ ಬೇಟೆಗೆ ಬನ್ನಿ ಅಂತ ಕರೆದಿದ್ದಾರೆ. ಹಕ್ಕಿಗಳು ರಾತ್ರಿ ತಂಗಲು ತೋಪಿಗೆ ಬರುವ ಹೊತ್ತಿಗೆ ಮರದಡಿ ನಿಂತು ಹೊಡೆಯುವ ಬೇಟೆ ಅದು. ಅಜ್ಜನ ಮನೆಯಲ್ಲಿ ಕೋವಿ ನೋಡುತ್ತ ಬೆಳೆದ ನಿಮಗೆ ಹೋಗುವ ಆಸೆ. ನಿಮ್ಮ ಮನೆಯವರು ಮಾತ್ರ, "ದಿನವೆಲ್ಲ ಮೇಯ್ದು ಮನೆಗೆ ಬರೋ ಹಕ್ಕೀನ ಬಾಗಿಲಲ್ಲೇ ಹೊಡೆಯೋದಾ?" ಅಂದರಂತೆ. ಆ ಮಾತು ತಲೆಯಿಂದ ಹೋಗುತ್ತಿಲ್ಲ ಅಂತ ಬರೆದಿದ್ದೀರಿ. ಜೊತೆಗೆ ಹತ್ತು ವರ್ಷದ ಮಗ ತಾನೂ ಬರ್ತೀನಿ ಅಂತ ಹಟ ಹಿಡಿದಿದ್ದಾನೆ.

ಆ ಬೇಟೆಯನ್ನು ನಾನು ಒಂದೇ ಒಂದು ಸಲ ಹತ್ತಿರದಿಂದ ನೋಡಿದ್ದೇನೆ. ಅಕ್ಕನ ಮಗಳ ಮನೆಗೆ ಅಂತ ನಾರ್ಫೋಕ್‌ಗೆ ಹೋಗಿದ್ದೆ. ಅವಳ ಪರಿಚಯದ ರೈತರೊಬ್ಬರು ಕರೆದುಕೊಂಡು ಹೋದರು. ನನ್ನ ಕೈಯಲ್ಲಿ ಕೋವಿ ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೇ ತೋಪು ಸೇರಿದೆವು. ಹೊರಗೆ ಗಾಳಿ ಜೋರಾಗಿ ಬೀಸುತ್ತಿತ್ತು. ಒಳಗೆ ಸ್ಪ್ರೂಸ್ ಮರಗಳ ನಡುವೆ ಬೆಚ್ಚಗಿತ್ತು. ಅವರು ಮೊದಲು ನೋಡಿದ್ದು ಆಕಾಶವನ್ನಲ್ಲ, ನೆಲವನ್ನು. ಐವಿ ಬಳ್ಳಿ ಹಬ್ಬಿದ ಮರಗಳ ಬುಡದಲ್ಲಿ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆ ಬಿದ್ದಿತ್ತು. ನಡುವೆ ಬೂದು ಬಣ್ಣದ ಪುಕ್ಕಗಳು. "ಇಲ್ಲೇ ಕೂರ್ತವೆ" ಅಂದು, ಬರಿಯ ಕೊಂಬೆಗಳ ನಡುವೆ ಆಕಾಶ ಕಾಣುವ ಜಾಗ ನೋಡಿ ನಿಂತರು. ಟೋಪಿ ಹಣೆಗೆ ಎಳೆದುಕೊಳ್ಳಿ, ಮುಖ ಮೇಲೆತ್ತಬೇಡಿ ಅಂತ ನನಗೂ ಹೇಳಿದರು. ಮೇಲಿಂದ ಬರುವ ಹಕ್ಕಿಗೆ ನೆಲದ ಮೇಲಿನ ಬಿಳಿ ಮುಖ ಬೇಗ ಕಾಣುತ್ತದಂತೆ.

ಸುಮಾರು ಒಂದು ಗಂಟೆ ಏನೂ ಇಲ್ಲ. ಆಮೇಲೆ ಒಂದು ಬಂತು, ಎರಡು ಬಂದವು. ಹೊತ್ತು ಇಳಿದ ಹಾಗೆ ಹತ್ತು, ಇಪ್ಪತ್ತರ ಗುಂಪು. ಗಾಳಿಗೆ ಎದುರಾಗಿ ರೆಕ್ಕೆ ಹಿಡಿದು ಇಳಿಯುತ್ತವೆ. ಇಳಿಯುವಾಗ ರೆಕ್ಕೆಯ ಅಡ್ಡಕ್ಕಿರುವ ಬಿಳಿ ಪಟ್ಟಿ ಮಿಂಚುತ್ತದೆ. ಒಂದು ತೋಟಾ ಹಾರಿತೋ, ಇಡೀ ತೋಪು ಚಪ್ಪಾಳೆ ತಟ್ಟಿದಂತೆ ರೆಕ್ಕೆ ಬಡಿದು ಎದ್ದುಬಿಡುತ್ತದೆ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಬಿದ್ದ ಹಕ್ಕಿಯನ್ನು ಅವರು ನನ್ನ ಕೈಗೆ ಕೊಟ್ಟರು. ನಮ್ಮ ಊರ ಗುಡಿ ಗೋಪುರದ ಪಾರಿವಾಳಕ್ಕಿಂತ ಇದು ದೊಡ್ಡದು, ಸುಮಾರು ಅರ್ಧ ಕಿಲೋ ತೂಕ. ಮೈ ಬೆಚ್ಚಗಿತ್ತು. ಕತ್ತಿನ ಎರಡೂ ಕಡೆ ಬಿಳಿ ಮಚ್ಚೆ, ಎದೆ ನಸುಗೆಂಪು. ಪುಕ್ಕ ಎಷ್ಟು ಸಡಿಲ ಅಂದರೆ ಸುಮ್ನೆ ಹಿಡಿದರೂ ಕೈಗೆ ಬರುತ್ತಿತ್ತು. ಕತ್ತಿನ ಕೆಳಗೆ ಮೇವು ತುಂಬಿಕೊಳ್ಳುವ ಚೀಲ ಗಟ್ಟಿಯಾಗಿ ಉಬ್ಬಿತ್ತು. ರೈತರು ಹೆಬ್ಬೆರಳಿನಿಂದ ಅದನ್ನು ಸೀಳಿದರು. ಒಳಗೆ ಹೆಚ್ಚಿಟ್ಟ ಸೊಪ್ಪಿನ ಹಾಗೆ ಹಸಿರು ಎಲೆ ಚೂರು ಒತ್ತೊತ್ತಾಗಿ ತುಂಬಿತ್ತು. "ನನ್ನ ಹೊಲದ್ದು" ಅಂದರು. ಅದಕ್ಕಿಂತ ಜಾಸ್ತಿ ಏನೂ ಹೇಳಲಿಲ್ಲ.

ಆ ಎಲೆ ಎಣ್ಣೆಗೆ ಬೆಳೆಯುವ ರೇಪ್ ಗಿಡದ್ದು, ನಮ್ಮ ಸಾಸಿವೆಯ ಹತ್ತಿರದ ನೆಂಟ. ಮೇ ತಿಂಗಳಲ್ಲಿ ನಿಮ್ಮ ಸುತ್ತಲಿನ ಹೊಲಗಳು ಹಳದಿ ಆಗುತ್ತವಲ್ಲ, ಅದೇ. ಬೇಸಿಗೆ ಕೊನೆಯಲ್ಲಿ ಬಿತ್ತುತ್ತಾರೆ. ಚಳಿಗಾಲವಿಡೀ ಎಳೆ ಎಲೆ ಹೊಲದಲ್ಲಿರುತ್ತದೆ. ಕಾಡಿನ ಓಕ್ ಕಾಯಿ, ಬೀಚ್ ಕಾಯಿ ಖಾಲಿಯಾದ ಮೇಲೆ, ಜನವರಿ ಫೆಬ್ರವರಿಯಲ್ಲಿ, ಪಾರಿವಾಳಗಳು ಗುಂಪುಗುಂಪಾಗಿ ಅದಕ್ಕೆ ಇಳಿಯುತ್ತವೆ. ಎಲೆ ಹರಿದು ತಿಂದು ನಡುನರ ಮಾತ್ರ ಬಿಟ್ಟ ಗಿಡಗಳನ್ನು ನಾನು ಮರುದಿನ ನೋಡಿದೆ. ಜೋಳದ ಹೊಲದಲ್ಲಿ ಅಟ್ಟಣೆ ಕಟ್ಟಿ, ಕವಣೆ ಬೀಸುತ್ತ ಹಗಲೆಲ್ಲ ಕೂಗಿದ ಮನೆಯಿಂದ ಬಂದವನು ನಾನು. ಆ ರೈತರ ಮುಖ ನನಗೆ ಹೊಸದೇನೂ ಆಗಿರಲಿಲ್ಲ.

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಅದರಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು. ಹಕ್ಕಿ ಮರಳುವುದು ಗೂಡಿಗಲ್ಲ, ರಾತ್ರಿ ತಂಗುವ ಮರಕ್ಕೆ. ಗೂಡು ಬೇರೆ, ತಂಗುಮರ ಬೇರೆ. ಕಾಡುಪಾರಿವಾಳ ವರ್ಷದ ಯಾವ ತಿಂಗಳಲ್ಲಾದರೂ ಮೊಟ್ಟೆ ಇಡಬಹುದು. ಆದರೆ ಹೆಚ್ಚಿನ ಮರಿಗಳು ಬೇಸಿಗೆಯಲ್ಲಿ, ಅಲ್ಲಿನ ಕೊಯ್ಲಿನ ಹೊತ್ತಿಗೆ. ಫೆಬ್ರವರಿಯಲ್ಲಿ ತಾಯಿಯನ್ನು ಹೊಡೆದು ಗೂಡಿನಲ್ಲಿ ಮರಿಯನ್ನು ಹಸಿವಿಗೆ ಬಿಡುವ ಸಂಭವ ಕಡಿಮೆ. ಹಾಗೆ ನೋಡಿದರೆ ಜುಲೈ, ಆಗಸ್ಟಿನ ಬೇಟೆಗಿಂತ ಇದು ವಾಸಿ.

ಹಾಗಂತ ಅವರ ಮಾತು ತಪ್ಪು ಅನ್ನುತ್ತಿಲ್ಲ. ಗದ್ದೆಗೆ ನುಗ್ಗಿದ ಹಕ್ಕಿಯನ್ನು ಓಡಿಸುವುದು ಒಂದು. ಹೊಟ್ಟೆ ತುಂಬಿ ಮಲಗಲು ಬಂದ ಹಕ್ಕಿಗೆ ಕಾದು ನಿಲ್ಲುವುದು ಇನ್ನೊಂದು. ಈ ವ್ಯತ್ಯಾಸ ಬರಿಯ ಭಾವನೆಯದ್ದಲ್ಲ, ನೀವಿರುವ ದೇಶದ ಕಾನೂನಿಗೂ ಅದು ಬೇಕು.

ಅಲ್ಲಿ ಎಲ್ಲ ಕಾಡುಹಕ್ಕಿಗಳಿಗೂ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಕಾಡುಪಾರಿವಾಳವನ್ನು ಹೊಡೆಯಲು ಅವಕಾಶ ಕೊಡುವುದು ಸರಕಾರದ ಸಾಮಾನ್ಯ ಪರವಾನಗಿ. ಇಂಗ್ಲೆಂಡಿನಲ್ಲಿ ಬೆಳೆ ಉಳಿಸಲು ಇರುವುದಕ್ಕೆ ಜಿಎಲ್ 42 ಅನ್ನುತ್ತಾರೆ. ಇದಕ್ಕೆ ಅರ್ಜಿ ಹಾಕಬೇಕಿಲ್ಲ. ಷರತ್ತು ಮಾತ್ರ ಇದೆ. ಬೆಳೆಗೆ ಗಂಭೀರ ಹಾನಿ ತಡೆಯುವುದು ಉದ್ದೇಶವಾಗಿರಬೇಕು. ಕೊಲ್ಲದೆ ಓಡಿಸುವ ದಾರಿಗಳನ್ನೂ, ಅಂದರೆ ಬೆದರುಗೊಂಬೆ, ಗ್ಯಾಸ್ ಗನ್ನಿನ ಸದ್ದು, ಗಾಳಿಪಟ, ಇವನ್ನೂ ನೋಡಿರಬೇಕು. ಮಜಾಕ್ಕೆ ಹೊಡೆಯಲು ಆ ಪರವಾನಗಿ ಇಲ್ಲ. ಬರೀ ಮಾಂಸಕ್ಕೆ ಅಂತಲೂ ಇಲ್ಲ. ಹೊಡೆದ ಮೇಲೆ ತಿನ್ನಬಹುದು, ಅದು ಬೇರೆ ಮಾತು. ಟಿವಿಯಲ್ಲಿ ವನ್ಯಜೀವಿ ಕಾರ್ಯಕ್ರಮ ನಡೆಸುವ ಕ್ರಿಸ್ ಪ್ಯಾಕಮ್ ಮತ್ತು ಇಬ್ಬರು ಸಂಗಡಿಗರು ಕಟ್ಟಿದ ವೈಲ್ಡ್ ಜಸ್ಟಿಸ್ ಸಂಸ್ಥೆ ಕಾನೂನಿನ ಪ್ರಶ್ನೆ ಎತ್ತಿದಾಗ, 2019ರ ಏಪ್ರಿಲ್‌ನಲ್ಲಿ ಹಳೆಯ ಪರವಾನಗಿಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ರೈತರು ಸಿಟ್ಟಾದರು, ಗಲಾಟೆಯಾಯಿತು. ಹೊಸ ಪರವಾನಗಿ ಬಂದವು. ಉದ್ದೇಶ ಏನು ಅಂತ ಬೇಟೆಗಾರ ತನ್ನನ್ನೇ ಕೇಳಿಕೊಳ್ಳಬೇಕು ಅನ್ನುವುದು ಆ ಜಗಳದಿಂದ ಎಲ್ಲರಿಗೂ ನೆನಪಾಯಿತು. ನನಗೆ ಅದು ಒಳ್ಳೆಯದೇ ಅನ್ನಿಸಿತು.

ಹಾಗಾದರೆ ಸಂಜೆಯ ಈ ಬೇಟೆಯಿಂದ ಬೆಳೆ ಉಳಿಯುತ್ತದೆಯೇ? ಇದನ್ನು ಕೂತು ಲೆಕ್ಕ ಹಾಕಿದವರು ಇದ್ದಾರೆ. 1950, 60ರ ದಶಕದಲ್ಲಿ ಬ್ರಿಟನ್ ಸರಕಾರವೇ ಚಳಿಗಾಲದ ಪಾರಿವಾಳ ಬೇಟೆಗೆ ತೋಟಾದ ಮೇಲೆ ಸಹಾಯಧನ ಕೊಡುತ್ತಿತ್ತು. ಒಂದು ಪ್ರದೇಶದ ತೋಪುಗಳಲ್ಲೆಲ್ಲ ಒಂದೇ ಸಂಜೆ ಬಂದೂಕು ನಿಲ್ಲಿಸುತ್ತಿದ್ದರು. ಒಂದು ಕಡೆ ಬೆದರಿದ ಹಕ್ಕಿ ಇನ್ನೊಂದು ತೋಪಿಗೆ ಹೋಗಲಿ, ಅಲ್ಲಿಯೂ ಕೂರಲು ಬಿಡಬಾರದು ಅಂತ. ಕಾಡುಕೋಳಿಯಂಥ ಫೆಸೆಂಟ್ ಹಕ್ಕಿಯ ಬೇಟೆ ಫೆಬ್ರವರಿ 1ಕ್ಕೆ ಮುಗಿಯುತ್ತದೆ, ತೋಪುಗಳಿಗೆ ಬಿಡುವಾಗುತ್ತದೆ. ಫೆಬ್ರವರಿಯ ಶನಿವಾರಗಳು ಇವತ್ತಿಗೂ ಈ ಬೇಟೆಗೆ ಮೀಸಲಾಗಿರುವುದಕ್ಕೆ ಅದೂ ಒಂದು ಕಾರಣ.

ಅದೇ ಕಾಲದಲ್ಲಿ ಕೃಷಿ ಸಚಿವಾಲಯದ ವಿಜ್ಞಾನಿ ಆರ್.ಕೆ. ಮರ್ಟನ್ ಮತ್ತು ಅವರ ಜೊತೆಯವರು ಕೇಂಬ್ರಿಜ್‌ಶೈರ್‌ನ ಹಳ್ಳಿಯೊಂದರಲ್ಲಿ ವರ್ಷಗಟ್ಟಲೆ ಪಾರಿವಾಳ ಎಣಿಸಿದರು. ಆಗ ಚಳಿಗಾಲದ ಮುಖ್ಯ ಮೇವು ಕ್ಲೋವರ್ ಸೊಪ್ಪು. ಅದು ಎಷ್ಟಿತ್ತೋ ಅಷ್ಟೇ ಹಕ್ಕಿ ಬದುಕುತ್ತಿದ್ದವು. ಮಿಕ್ಕವು ಹಸಿವಿನಿಂದ ಸಾಯುತ್ತಿದ್ದವು. ಬಂದೂಕು ಕೊಂದದ್ದು ಹೇಗೂ ಸಾಯಲಿದ್ದ ಪಾಲನ್ನು. ಬೇಟೆ ಆದ ಊರಲ್ಲೂ ಚಳಿಗಾಲದ ಕೊನೆಗೆ ಉಳಿದ ಹಕ್ಕಿಗಳ ಲೆಕ್ಕ ಬದಲಾಗಲಿಲ್ಲ. ಈ ಸತ್ಯ ಗೊತ್ತಾದ ಮೇಲೆ ತೋಟಾದ ಸಹಾಯಧನವೂ ನಿಂತಿತು.

ಈಗ ಕಾಲ ಬದಲಾಗಿದೆ, ನಿಜ. ರೇಪ್ ಬೆಳೆ ಬಂದ ಮೇಲೆ ಚಳಿಗಾಲದ ಹಸಿವು ಅವುಗಳಿಗೆ ಅಷ್ಟಿಲ್ಲ. 1970ರ ದಶಕದಿಂದ ಸಂಖ್ಯೆ ಏರುತ್ತಲೇ ಬಂದು ಈಗ ಬ್ರಿಟನ್ನಿನಲ್ಲಿ ಸುಮಾರು 50 ಲಕ್ಷ ಜೋಡಿಗಳಿವೆ. ಹಾಗಾಗಿ ಮರ್ಟನ್ ಅವರ ಲೆಕ್ಕವನ್ನು ಇಂದಿಗೆ ಹಾಗೇ ಎತ್ತಿಡಲಾಗುವುದಿಲ್ಲ. ಆದರೆ ನಾಲ್ಕು ಜನ ಒಂದು ಸಂಜೆ ನಿಂತು ಇಪ್ಪತ್ತು ಹಕ್ಕಿ ಹೊಡೆದರೆ ಸಂಖ್ಯೆ ಇಳಿಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಗುವುದು ಇಷ್ಟೇ: ಹೊಲದ ಪಕ್ಕದ ತೋಪಿನಲ್ಲಿ ಬೀಡುಬಿಟ್ಟ ಗುಂಪು ಬೆದರಿ ಬೇರೆ ಕಡೆ ಹೋಗಬಹುದು. ಬೆಳೆ ಎಳೆಯದಿರುವಾಗ ರೈತನಿಗೆ ಅಷ್ಟೇ ಸಾಕಾಗಿರಲೂಬಹುದು.

ನೀವು ಅಮೆರಿಕದ ಪ್ಯಾಸೆಂಜರ್ ಪಾರಿವಾಳದ ಗತಿಯೇ ಇದಕ್ಕೂ ಬಂದೀತೇ ಅಂತಲೂ ಕೇಳಿದ್ದೀರಿ. ಕೋಟಿಗಟ್ಟಲೆ ಇದ್ದ ಆ ಹಕ್ಕಿಯಲ್ಲಿ ಕೊನೆಯದು 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಅದು ದೊಡ್ಡ ದೊಡ್ಡ ಹಿಂಡಾಗಿಯೇ ಗೂಡು ಕಟ್ಟುತ್ತಿತ್ತು. ಮರಿ ಮಾಡುವ ಜಾಗಕ್ಕೇ ಹೋಗಿ ವ್ಯಾಪಾರಕ್ಕಾಗಿ ಬಲೆ ಹಾಕಿ ಕೊಂದರು, ಕಾಡನ್ನೂ ಕಡಿದರು. ಇಂಗ್ಲೆಂಡಿನ ಕಾಡುಪಾರಿವಾಳ ಬೇಲಿ, ತೋಪು, ಪಟ್ಟಣದ ಪಾರ್ಕು ಎಲ್ಲೆಂದರಲ್ಲಿ ಒಂಟಿ ಜೋಡಿಯಾಗಿ ಗೂಡು ಕಟ್ಟಿ, ವರ್ಷಕ್ಕೆ ಎರಡು ಮೂರು ಸಲ ಎರಡೆರಡು ಮೊಟ್ಟೆ ಇಡುತ್ತದೆ. ಆ ಭಯ ಇಲ್ಲಿ ಬೇಡ. ಭಯ ಪಡಬೇಕಾದ್ದು ನಿಮ್ಮ ಊರಿನ ಪಾರಿವಾಳದ ಬಗ್ಗೆ. ಕೊಡಗಿನ ಶೋಲಾ ಕಾಡಿನಲ್ಲಿ ಕತ್ತಿನ ಮೇಲೆ ಕಪ್ಪು ಬಿಳಿ ಚೌಕುಳಿ ಇರುವ ನೀಲಗಿರಿ ಕಾಡುಪಾರಿವಾಳ ಇದೆಯಲ್ಲ, ಅದು ಇರುವುದು ಪಶ್ಚಿಮಘಟ್ಟ ಮತ್ತು ಅದರ ಸುತ್ತಿನಲ್ಲಷ್ಟೇ. ಇಡುವುದು ಒಂದೇ ಮೊಟ್ಟೆ. ಹೆಸರು ಒಂದೇ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ನಿಮ್ಮ ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕಿದ್ದರೂ, ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತಕ್ಕೆ ಅದನ್ನು ಪೂಜೆ ಮಾಡಿದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗುರಿ ತೆಂಗಿನಕಾಯಿ ಮಾತ್ರ. ಅದನ್ನು ಮಗನಿಗೆ ಈಗಲೇ ಹೇಳಿ. ಸಫೋಕ್‌ನಲ್ಲಿ ನೋಡಿದ್ದನ್ನು ಅವನು ವಿರಾಜಪೇಟೆಗೆ ತರಬಾರದು ಅಲ್ವಾ?

ಇಷ್ಟು ಹೇಳಿ ನನ್ನನ್ನು ನಿಜಕ್ಕೂ ಕಾಡುವ ವಿಷಯಕ್ಕೆ ಬರುತ್ತೇನೆ. ಅದು ಕೊನೆಯ ಇಪ್ಪತ್ತು ನಿಮಿಷ.

ಸೂರ್ಯ ಮುಳುಗುವ ಹೊತ್ತಿಗೇ ಹಕ್ಕಿಗಳು ಜಾಸ್ತಿ ಬರುವುದು. ಬೇಟೆಗಾರನ ಕೈ ಕಾವೇರುವುದೂ ಆಗಲೇ. ಆದರೆ ಆ ಇಳಿಬೆಳಕಿನಲ್ಲಿ ಎಲ್ಲ ಹಕ್ಕಿಯೂ ಕಪ್ಪು. ಸ್ಟಾಕ್ ಡವ್ ಅಂತ ಇನ್ನೊಂದು ಪಾರಿವಾಳ ಇದೆ. ಸ್ವಲ್ಪ ಚಿಕ್ಕದು, ಕತ್ತಿನಲ್ಲೂ ರೆಕ್ಕೆಯಲ್ಲೂ ಬಿಳಿ ಇಲ್ಲ. ಅದನ್ನು ಹೊಡೆಯುವಂತಿಲ್ಲ. ಅದೂ ಅದೇ ತೋಪಿಗೆ ಬರಬಹುದು. ಬಿಳಿ ಪಟ್ಟಿ ಕಣ್ಣಿಗೆ ಕಾಣದಷ್ಟು ಬೆಳಕು ಇಳಿದ ಮೇಲೆ ಯಾವುದು ಯಾವುದು ಅಂತ ಹೇಗೆ ಹೇಳ್ತೀರಿ?

ನಾರ್ಫೋಕ್‌ನ ಆ ಸಂಜೆ ಕೊನೆಗೆ ಹಾರಿದ ತೋಟಾಕ್ಕೆ ಹಕ್ಕಿಯೊಂದು ತಿರುಗಿ ತಿರುಗಿ ಬಿತ್ತು. ಬಿದ್ದ ಸದ್ದು ನಾವಿಬ್ಬರೂ ಕೇಳಿದೆವು. ಟಾರ್ಚ್ ಹಿಡಿದು ಮುಳ್ಳುಪೊದೆ, ಐವಿ ಬಳ್ಳಿ ಎಲ್ಲ ಜಾಲಾಡಿದೆವು. ಅವರ ಕೈಯೆಲ್ಲ ತರಚಿತು. ಅರ್ಧ ಗಂಟೆ ಹುಡುಕಿದರೂ ಸಿಗಲಿಲ್ಲ. ನಾಲ್ಕು ಪುಕ್ಕ ಸಿಕ್ಕವು, ಅಷ್ಟೇ. ಅದು ಸತ್ತಿತ್ತೋ, ರೆಕ್ಕೆ ಮುರಿದು ಎಲ್ಲೋ ಕೂತಿತ್ತೋ. ರಾತ್ರಿ ಮಂಜು ಬಿತ್ತು. ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವರೇ ನಾಯಿ ಕರೆದುಕೊಂಡು ಮತ್ತೆ ಹೋಗಿದ್ದರು ಅಂತ ಆಮೇಲೆ ಗೊತ್ತಾಯಿತು. ಆ ಮನುಷ್ಯನ ಮೇಲೆ ನನಗೆ ಗೌರವ ಹೆಚ್ಚಿತು. ಆದರೆ ಆ ತೋಟಾ ಹಾರಬಾರದಿತ್ತು.

ಅದಕ್ಕೇ ನನ್ನ ಮಾತು ಇದು. ಮೊದಲ ಶನಿವಾರ ಹೋಗಿ, ಬರಿಗೈಲಿ ಹೋಗಿ. ಅದಕ್ಕೂ ಮುಂಚೆ ಹಗಲಲ್ಲಿ ಅವರ ರೇಪ್ ಹೊಲ ತೋರಿಸಲು ಕೇಳಿ. ಯಾವ ತುಂಡಿಗೆ ಹಕ್ಕಿ ಬೀಳುತ್ತಿವೆ, ಓಡಿಸಲು ಏನೇನು ಮಾಡಿದ್ದಾರೆ ಅಂತ ಕೇಳಿ. ಒಳ್ಳೆಯ ರೈತರಾದರೆ ಖುಷಿಯಿಂದಲೇ ಹೇಳ್ತಾರೆ. ಎಲೆ ಹರಿದ ಹೊಲ ಕಣ್ಣಿಗೆ ಕಂಡರೆ, ಮುಂದಿನ ಶನಿವಾರ ಕೋವಿಯ ಮಾತಾಡಿ. ಹೊಲವೇ ಇಲ್ಲ, ಸುಮ್ನೆ ಸಂಜೆ ಕಳೆಯೋಣ ಅಂತಾದರೆ ಬೇಡ ಅನ್ನಿ. ಅಲ್ಲಿ ಶಾಟ್‌ಗನ್ ಇಟ್ಟುಕೊಳ್ಳಲು ಪೊಲೀಸರ ಸರ್ಟಿಫಿಕೇಟ್ ಬೇಕು, ನಿಮ್ಮ ಊರಿನ ರೂಢಿ ಅಲ್ಲಿ ನಡೆಯುವುದಿಲ್ಲ. ಹೊಡೆಯುವುದಾದರೆ ಹತ್ತಿರಕ್ಕೆ ಬಂದದ್ದನ್ನು ಮಾತ್ರ, ಮರದ ತುದಿಯ ಮೇಲೆ ಎತ್ತರದಲ್ಲಿ ಹೋಗುವುದಕ್ಕೆ ಬೇಡ. ಒಂದು ಬಿದ್ದರೆ ಅದನ್ನು ಎತ್ತಿಕೊಂಡ ಮೇಲೆಯೇ ಇನ್ನೊಂದು. ಕತ್ತಿನ ಬಿಳಿ ಮಚ್ಚೆ ಕಾಣುವುದು ನಿಂತಿತೋ, ತೋಟಾ ಹೊರಗೆ ತೆಗೆದುಬಿಡಿ. ಬೇರೆಯವರು ಇನ್ನೂ ಹೊಡೆಯುತ್ತಿದ್ದರೂ ಸರಿ.

ಮಗನನ್ನು ಕರೆದುಕೊಂಡು ಹೋಗಿ ಅಂತಲೇ ನಾನು ಹೇಳುತ್ತೇನೆ, ಆ ಬರಿಗೈ ಶನಿವಾರ. ಹಕ್ಕಿ ಬೀಳುವುದನ್ನೂ ನೋಡಲಿ, ಬಿದ್ದ ಹಕ್ಕಿಯನ್ನು ಮುಟ್ಟಲಿ. ಅತ್ತರೆ ಅಳಲಿ, ಸುಮ್ಮನಾಗಿಸಬೇಡಿ.

ರೈತರು ಹಕ್ಕಿ ಕೊಟ್ಟರೆ ಬೇಡ ಅನ್ನಬೇಡಿ, ಬಿಸಾಡುವುದಕ್ಕಿಂತ ತಿನ್ನುವುದು ಮೇಲು. ಎದೆಯ ಮಾಂಸವೇ ಮುಖ್ಯ, ಕಡುಗೆಂಪು. ಜಾಸ್ತಿ ಬೇಯಿಸಿದರೆ ಚರ್ಮದ ಹಾಗಾಗುತ್ತದೆ. ಕಾಳುಮೆಣಸು, ಉಪ್ಪು ಸವರಿ ಬಿಸಿ ಬಾಣಲೆಯಲ್ಲಿ ಎರಡೂ ಬದಿ ಬೇಗ ಬೇಗ ಹುರಿದು, ಕೊನೆಗೆ ಮನೆಯಿಂದ ತಂದ ಕಾಚಂಪುಳಿ, ಅದೇ ಕೊಡಗಿನ ಕಪ್ಪು ಹುಳಿರಸ, ಇದ್ದರೆ ನಾಲ್ಕು ಹನಿ. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ಒಳಗೆ ಉಳಿದಿರುತ್ತದೆ, ಬೆರಳಿಂದ ಒತ್ತಿ ನೋಡಿ ತೆಗೆಯಿರಿ. ತೋಟಾ ಸೀಸದ್ದೋ ಉಕ್ಕಿನದ್ದೋ ಕೇಳುವುದನ್ನು ಮರೆಯಬೇಡಿ. ಸೀಸದ ಚರೆಯನ್ನು ನಿಷೇಧಿಸುವುದಾಗಿ ಬ್ರಿಟನ್ ಸರಕಾರ 2025ರಲ್ಲಿ ಹೇಳಿದೆ. ಪೂರ್ತಿ ಜಾರಿಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯುತ್ತದೆ. ಸೀಸದ್ದಾದರೆ ಮಗನ ತಟ್ಟೆಗೆ ಹಾಕಬೇಡಿ.

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಕೇಳಿದ್ದರಿಂದಲೇ ಇಷ್ಟು ಬರೆದೆ. ಆ ಶನಿವಾರ ಹೇಗಿತ್ತು ಅಂತ ಮಗನ ಕೈಲೇ ಬರೆಸಿ ಕಳಿಸಿ, ಕನ್ನಡದಲ್ಲಿ. ತಪ್ಪಿದ್ದರೂ ಪರವಾಗಿಲ್ಲ.

— ಸಂಪಾದಕ