2009ರಲ್ಲಿ ಪ್ರದೇಶಗಳ ನಡುವಿನ ಅಂತರ ಇಳಿದಿದ್ದು ಯಾಕೆ?

ಬಡ ಪ್ರದೇಶಗಳು ಮೇಲೆ ಬಂದಿದ್ದಕ್ಕಿಂತ ಶ್ರೀಮಂತ ಪ್ರದೇಶಗಳು ಕೆಳಗಿಳಿದಿದ್ದೇ ಜಾಸ್ತಿ ಇರಬೇಕು. ನೀವು ಯುರೋಪಿನ ಪ್ರದೇಶಗಳ ತಲಾ ಜಿಡಿಪಿ ಹೋಲಿಸಿ, 2009ರಲ್ಲಿ ಅಂತರ ಇಳಿದು ಆಮೇಲೆ ಏರಿದ್ದು ಯಾಕೆ ಅಂತ ಕೇಳಿದ್ದೀರಿ. ಆ ವರ್ಷ ರಫ್ತು ನಂಬಿದ್ದ ಕಾರ್ಖಾನೆ ಪ್ರದೇಶಗಳಿಗೆ ದೊಡ್ಡ ಪೆಟ್ಟು ಬಿತ್ತು. ಜರ್ಮನಿಯ ಜಿಡಿಪಿ ಶೇ. 5ಕ್ಕಿಂತ ಹೆಚ್ಚು ಕುಸಿಯಿತು. ಪೋಲೆಂಡ್ ಮಾತ್ರ ಬೆಳೆಯುತ್ತಲೇ ಇತ್ತು. ಹಾಗಾಗಿ ಸ್ವಲ್ಪ ಭಾಗ ನಿಜವಾದ ಏರಿಕೆಯೂ ಇರಬಹುದು. ಎಷ್ಟು ಅಂತ ನಿಮ್ಮ ಡೇಟಾ ನೋಡದೆ ಹೇಳಲಾರೆ.

ಮೊದಲು ಶ್ರೀಮಂತ-ಬಡ ಪ್ರದೇಶಗಳ ಅನುಪಾತ ಪಕ್ಕಕ್ಕಿಡಿ. 2007ರಿಂದ 2013ರವರೆಗೆ, ಸ್ಥಿರ ಬೆಲೆಯಲ್ಲಿ (ಬೆಲೆಯೇರಿಕೆ ಕಳೆದು), ಮೇಲಿನ ಮತ್ತು ಕೆಳಗಿನ ಕಾಲು ಭಾಗದ ಪ್ರದೇಶಗಳ ಸರಾಸರಿಯನ್ನು ಬೇರೆ ಬೇರೆ ಗೆರೆಯಾಗಿ ಹಾಕಿ. ಯಾರು ಇಳಿದರು, ಯಾರು ಏರಿದರು ಅಂತ ಅಲ್ಲೇ ಕಾಣುತ್ತೆ.

ಆಮೇಲೆ ಥೈಲ್ ಸೂಚ್ಯಂಕ (ಅಸಮಾನತೆ ಅಳೆಯುವ ಒಂದು ಲೆಕ್ಕ) ಬಳಸಿ ಅಂತರವನ್ನು ಎರಡು ಭಾಗ ಮಾಡಿ: ದೇಶಗಳ ನಡುವಿನದು, ದೇಶದೊಳಗಿನದು. ಇದನ್ನು ಬಿಡಲೇಬೇಡಿ. ಬಡ ದೇಶ ಮುಂದೆ ಬರುವಾಗ ಅದರ ರಾಜಧಾನಿಯೊಂದೇ ಓಡುತ್ತಿದ್ದರೆ ಮೊದಲನೆಯದು ಇಳಿಯುತ್ತೆ, ಎರಡನೆಯದು ಏರುತ್ತೆ. ಒಟ್ಟು ಸಂಖ್ಯೆ ಅದನ್ನು ಮುಚ್ಚಿಹಾಕುತ್ತೆ. ಜನಸಂಖ್ಯೆಯ ತೂಕ ಕೊಡುವುದನ್ನು, ಅಂದರೆ ಜನ ಹೆಚ್ಚಿರುವ ಪ್ರದೇಶವನ್ನು ಹೆಚ್ಚು ಲೆಕ್ಕಕ್ಕೆ ತಗೊಳ್ಳುವುದನ್ನು ಮರೆಯಬೇಡಿ.

ಕೊನೆಗೆ ಜಿಡಿಪಿ ಬದಲು ಮನೆಗಳ ಖರ್ಚಿಗೆ ಸಿಗುವ ಆದಾಯ ಹಾಕಿ ಇನ್ನೊಮ್ಮೆ ಲೆಕ್ಕ ಮಾಡಿ. ಬ್ರಸೆಲ್ಸ್‌ನಂಥ ಕಡೆ ಹೊರಗಿನಿಂದ ಬಂದು ದುಡಿಯುವವರು ಬಹಳ, ಅವರ ದುಡಿಮೆ ಅಲ್ಲಿನ ಜಿಡಿಪಿಗೆ ಸೇರುತ್ತೆ, ಅವರು ಮಾತ್ರ ಅಲ್ಲಿನ ಜನಸಂಖ್ಯೆಗೆ ಸೇರಲ್ಲ, ಹಾಗಾಗಿ ತಲಾ ಜಿಡಿಪಿ ಸುಮ್ನೆ ಉಬ್ಬಿ ಕಾಣುತ್ತೆ. ಪಿಂಚಣಿ, ನಿರುದ್ಯೋಗ ಭತ್ಯೆ ತಡೆದ ಪೆಟ್ಟೂ ಆದಾಯದಲ್ಲೇ ಗೊತ್ತಾಗೋದು, ಅಲ್ವಾ? ಎರಡರಲ್ಲೂ ಕೆಳಗಿನ ಗೆರೆ ಏರಿದ್ದರೆ ಮಾತ್ರ ಬಡ ಪ್ರದೇಶಗಳು ಮುಂದೆ ಬಂದವು ಅಂತ ಬರೆಯಿರಿ.