ಸಿರಿಂಜಿನಲ್ಲಿ ಎಂದಾದರೂ ನೀಲಿ ರಕ್ತ ಕಂಡಿದ್ದೀರಾ?

ನಮಸ್ಕಾರ,

ನೀವು ಕಳಿಸಿದ ‘ರಕ್ತ ಎಂಬ ಜೀವಾಮೃತ’ ಲೇಖನವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಸುಮ್ನೆ ‘ಪ್ರಕಟಿಸಲಾಗುತ್ತಿಲ್ಲ, ಕ್ಷಮಿಸಿ’ ಅಂತ ಒಂದು ಸಾಲು ಬರೆದು ಮುಗಿಸುತ್ತಿದ್ದೆ. ಆದರೆ ಜೊತೆಗಿದ್ದ ಪತ್ರದಲ್ಲಿ ನಿಮ್ಮ ಬಗ್ಗೆ ಎರಡು ಮಾತು ಬರೆದಿದ್ದೀರಲ್ಲ, ಡಿಎಂಎಲ್‌ಟಿ (ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ) ಮುಗಿಸಿ ಮೂರು ವರ್ಷದಿಂದ ತಾಲ್ಲೂಕು ಊರಿನ ಲ್ಯಾಬೊಂದರಲ್ಲಿದ್ದೇನೆ, ದಿನಕ್ಕೆ 30-40 ಜನರ ರಕ್ತ ತೆಗೆಯುತ್ತೇನೆ ಅಂತ, ಅದು ನನ್ನನ್ನು ಹಿಡಿದು ಕೂರಿಸಿತು. ಯಾಕೆಂದರೆ ಆ ಲ್ಯಾಬ್‌ನವರು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಇರುವುದು ಹೈಸ್ಕೂಲಿನ ವಿಜ್ಞಾನದ ನೋಟ್ಸು, ಅದಕ್ಕೊಂದಿಷ್ಟು ಹಾರ ತುರಾಯಿ.

ಮೊದಲು ನನಗೆ ನಗು ಬಂದ ಜಾಗ. ‘ಅಭಿಧಮನಿಗಳಲ್ಲಿ ಅಶುದ್ಧವಾದ ನೀಲಿ ರಕ್ತ ಹರಿಯುತ್ತದೆ’ ಅಂತ ಬರೆದಿದ್ದೀರಿ. ಅಲ್ರೀ, ನೀವು ದಿನಾ ಸೂಜಿ ಚುಚ್ಚುವುದೇ ಅಭಿಧಮನಿಗೆ! ಮೂರು ವರ್ಷದಲ್ಲಿ ಒಂದು ಸಲವಾದರೂ ಸಿರಿಂಜಿಗೆ ನೀಲಿ ಬಂದಿದೆಯಾ? ಬರುವುದು ಕಪ್ಪು ಛಾಯೆಯ ಕೆಂಪು, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪುಸ್ತಕದ ಚಿತ್ರದಲ್ಲಿ ನೀಲಿ ಬಳಿದಿರುವುದು ಬರೀ ಗುರುತಿಗೆ. ಮುಂಗೈ ಮೇಲೆ ನಾಳ ನೀಲಿಯಾಗಿ ಕಾಣುವುದು ಬೆಳಕು ಚರ್ಮದೊಳಗೆ ಹೋಗಿ ವಾಪಸ್ ಬರುವ ರೀತಿಯಿಂದ, ರಕ್ತದ ಬಣ್ಣದಿಂದ ಅಲ್ಲ. ಇನ್ನು ಆ ‘ಅಶುದ್ಧ’ ಪದವನ್ನೂ ತೆಗೆಯಿರಿ. ಸುಮ್ಮನೆ ಕುಳಿತಿರುವ ಮನುಷ್ಯನಲ್ಲಿ ಹೃದಯಕ್ಕೆ ಮರಳುವ ರಕ್ತ ತಾನು ಹೊತ್ತುಕೊಂಡು ಹೋದ ಆಮ್ಲಜನಕದಲ್ಲಿ ಮುಕ್ಕಾಲು ಪಾಲನ್ನು ಇನ್ನೂ ಇಟ್ಟುಕೊಂಡೇ ಇರುತ್ತದೆ. ಹಾಗೇ ಎದ್ದು ಓಡಿದರೆ ಬೇಕಲ್ಲ, ಅದಕ್ಕೆ. ಅದು ಕೊಳಕು ರಕ್ತ ಹೇಗಾಗುತ್ತದೆ?

ಕಣ್ಣಾರೆ ಕಂಡದ್ದನ್ನು ಬಿಟ್ಟು ಪುಸ್ತಕದಲ್ಲಿ ಓದಿದ್ದನ್ನು ನಂಬಿದಿರಿ. ಇಡೀ ಲೇಖನದ ರೋಗವೇ ಇದು.

ಎರಡನೇ ಪ್ಯಾರಾದಲ್ಲಿ ‘ಪ್ರತಿ ಮನುಷ್ಯನಲ್ಲೂ 5ರಿಂದ 6 ಲೀಟರ್ ರಕ್ತ ಇರುತ್ತದೆ’ ಅಂದಿದ್ದೀರಿ. ಪ್ರತಿ ಮನುಷ್ಯನಲ್ಲೂ ಅಲ್ಲ. ಮೈ ತೂಕದ ಶೇ 7-8 ಭಾಗ ಅಂತ ಲೆಕ್ಕ. 70 ಕೆಜಿಯ ಗಂಡಸಿಗೆ 5 ಲೀಟರ್ ಸರಿ. ನಿಮ್ಮ ಮುಂದೆ ಕೈ ಚಾಚಿ ಕೂರುವ 45 ಕೆಜಿಯ ಅಮ್ಮನಿಗೆ 3 ಲೀಟರ್ ಮೇಲೆ ಸ್ವಲ್ಪ. ಆಕೆ ಟ್ಯೂಬ್ ನೋಡಿ ‘ಅಯ್ಯೋ, ಇಷ್ಟೊಂದು ತೆಗೀತೀರಾ’ ಅಂತ ಕೇಳಿಯೇ ಇರುತ್ತಾರೆ, ಅಲ್ವಾ? ಅದನ್ನು ಬರೆಯಿರಿ. ಆಮೇಲೆ ಲೆಕ್ಕ ಕೊಡಿ. ನೀವು ತೆಗೆಯುವುದು ಹೆಚ್ಚೆಂದರೆ 3 ಮಿಲಿ, ಒಂದು ಟೀ ಚಮಚವೂ ತುಂಬುವುದಿಲ್ಲ. ಒಂದು ಮೈಕ್ರೋಲೀಟರಿನಲ್ಲಿ, ಅಂದರೆ ಮಿಲಿಯ ಸಾವಿರದ ಒಂದು ಪಾಲಿನಲ್ಲಿ, ಸುಮಾರು 45 ಲಕ್ಷ ಕೆಂಪು ಕಣ. ಹಾಗಾದರೆ 3 ಮಿಲಿಯಲ್ಲಿ 1,350 ಕೋಟಿ. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ನಮ್ಮ ಮೂಳೆ ಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ಕಣ ತಯಾರಿಸುತ್ತದೆ. ಭಾಗಿಸಿ ನೋಡಿ, ಎರಡು ಗಂಟೆಯ ಕೆಲಸವೂ ಅಲ್ಲ. ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು, ಹೋಟೆಲಿನಲ್ಲಿ ಇಡ್ಲಿ ತಿಂದು, ಬಸ್ ಹಿಡಿದು ಮನೆ ಸೇರುವ ಹೊತ್ತು. ನಿಮ್ಮ ಲೇಖನದಲ್ಲಿ ‘ರಕ್ತಕಣಗಳು ನಿರಂತರ ಉತ್ಪತ್ತಿಯಾಗುತ್ತವೆ’ ಅಂತ ಮೂರು ಪದದಲ್ಲಿ ಮುಗಿಸಿದ್ದು ಇದನ್ನೇ.

ರಕ್ತನಾಳಗಳನ್ನು ಜೋಡಿಸಿದರೆ 1 ಲಕ್ಷ ಕಿಲೋಮೀಟರ್, ಭೂಮಿಗೆ ಎರಡೂವರೆ ಸುತ್ತು, ಈ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಎಲ್ಲರೂ ಬರೆಯುತ್ತಾರೆ, ಯಾರೂ ಮೂಲ ನೋಡುವುದಿಲ್ಲ. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅಂತ ದೊಡ್ಡ ವಿಜ್ಞಾನಿ, 1920ರಲ್ಲಿ ನೊಬೆಲ್ ಪಡೆದವರು, ಆ ಕಾಲದಲ್ಲಿ ಮಾಡಿದ ಒಂದು ಅಂದಾಜು ಲೆಕ್ಕ ಅದು. ಅದಕ್ಕೆ ಅವರು ಊಹಿಸಿಕೊಂಡ ಮನುಷ್ಯನಿಗೆ ಬರೀ ಸ್ನಾಯುವೇ 50 ಕೆಜಿ. ನಮ್ಮ ನಿಮ್ಮ ಮೈಯಲ್ಲಿ ಎಲ್ಲಿಂದ ತರೋದು ಅಷ್ಟು, ಗರಡಿಯವರಿಗೇ ಕಷ್ಟ.

ಈಗ ನಿಜವಾಗಿಯೂ ತೊಂದರೆ ಮಾಡುವ ತಪ್ಪಿಗೆ ಬರುತ್ತೇನೆ. ‘ದೇಹದಲ್ಲಿ ರಕ್ತದ ಪ್ರಮಾಣ ಕಡಿಮೆಯಾಗುವುದೇ ರಕ್ತಹೀನತೆ.’ ಇಲ್ಲ. ಜನ ‘ರಕ್ತ ಕಮ್ಮಿ ಇದೆ ಅಂದ್ರು ಡಾಕ್ಟ್ರು’ ಅನ್ನುತ್ತಾರೆ, ಅದು ಆಡುಮಾತು, ಸರಿ. ಆದರೆ ಬರೆಯುವವರು ಆ ಮಾತನ್ನು ಎತ್ತಿಕೊಂಡು ಬಿಡಿಸಿ ಹೇಳಬೇಕು. ಲೀಟರ್ ಲೆಕ್ಕದಲ್ಲಿ ರಕ್ತ ಅಷ್ಟೇ ಇರಬಹುದು. ಕಮ್ಮಿ ಆಗಿರುವುದು ಅದರಲ್ಲಿನ ಹಿಮೋಗ್ಲೋಬಿನ್. ಸಾರು ಪಾತ್ರೆ ತುಂಬಾ ಇದೆ, ಬೇಳೆ ಇಲ್ಲ, ಆ ಥರ. ಪ್ರತಿ ಹಿಮೋಗ್ಲೋಬಿನ್ ಅಣುವಿನಲ್ಲಿ ಕಬ್ಬಿಣದ ನಾಲ್ಕು ಪರಮಾಣು, ಒಂದೊಂದೂ ಒಂದೊಂದು ಆಮ್ಲಜನಕದ ಅಣುವನ್ನು ಹಿಡಿದುಕೊಳ್ಳುತ್ತದೆ. ಕಬ್ಬಿಣ ಸಾಲದಿದ್ದರೆ ಹಿಡಿಯುವ ಕೈಯೇ ಇಲ್ಲ. ಅದಕ್ಕೇ ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಗ್ಗೆ ಎದ್ದಾಗಲೇ ಸುಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ 100 ಮಿಲಿ ರಕ್ತಕ್ಕೆ ಹೆಂಗಸರಿಗೆ 12 ಗ್ರಾಂ, ಗರ್ಭಿಣಿಯರಿಗೆ 11 (ನಡುವಿನ ಮೂರು ತಿಂಗಳಲ್ಲಿ 10.5), ಗಂಡಸರಿಗೆ 13. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಜನ ಈ ಗೆರೆಯ ಕೆಳಗಿದ್ದಾರೆ. ಅಂದರೆ ನಿಮ್ಮ ಲೇಖನ ಓದುವ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಜನರ ಕಥೆ ಇದು, ನೀವು ಅದಕ್ಕೆ ಕೊಟ್ಟಿರುವುದು ಎರಡು ಸಾಲು. ಅದರಲ್ಲಿ ಒಂದು ತಪ್ಪು, ಇನ್ನೊಂದು ರಕ್ತ ಹೆಚ್ಚಲು ತಿನ್ನಿ ಅಂದ ಬೀಟ್‌ರೂಟ್.

ಬೀಟ್‌ರೂಟ್ ಬಗ್ಗೆ ನನಗೆ ಸ್ವಂತ ಸಿಟ್ಟಿದೆ. ನಮ್ಮ ಅತ್ತೆಗೆ ಹಿಮೋಗ್ಲೋಬಿನ್, ಅಂದರೆ ಎಚ್‌ಬಿ 7.8 ಬಂದಾಗ ಮನೆಗೆ ಬಂದವರೆಲ್ಲ ಕೆಂಪಗಿರುವುದನ್ನೇ ತಂದರು, ಬೀಟ್‌ರೂಟ್, ದಾಳಿಂಬೆ, ಕೆಂಪು ದ್ರಾಕ್ಷಿ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಅತ್ತೆ ನಾಲ್ಕೇ ದಿನಕ್ಕೆ ಬಿಟ್ಟಿದ್ದರು, ಮಲ ಕಪ್ಪಗಾಯಿತು ಅಂತ ಹೆದರಿ, ನಾಚಿಕೊಂಡು ಯಾರಿಗೂ ಹೇಳದೆ. ಮಾತ್ರೆ ತಗೊಂಡರೆ ಹಾಗಾಗುವುದು ಸಹಜ ಅಂತ ಒಬ್ಬರೂ ಅವರಿಗೆ ಹೇಳಿರಲಿಲ್ಲ. ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ಸಂಬಂಧವೇ ಇಲ್ಲ. ಕಬ್ಬಿಣ ಬೇಕಿದ್ದರೆ ರಾಗಿ, ಸೊಪ್ಪು, ಕಾಳು, ತಿನ್ನುವವರಾದರೆ ಮಾಂಸ. ಜೊತೆಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ಊಟದ ಹಿಂದೆಯೇ ಕಾಫಿ ಟೀ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ. ಎಚ್‌ಬಿ ಅಷ್ಟು ಇಳಿದಿದ್ದರೆ ಊಟ ಒಂದರಿಂದಲೇ ಸರಿಹೋಗುವುದಿಲ್ಲ, ಮಾತ್ರೆ ಬಿಡಬಾರದು. ಇದನ್ನೆಲ್ಲ ಬರೆಯಲು ನಿಮಗಿಂತ ಅರ್ಹರು ಯಾರು ಹೇಳಿ?

ನೀವು ಸ್ಲೈಡ್ ನೋಡುವವರು ಬೇರೆ. ಸೂಕ್ಷ್ಮದರ್ಶಕದ ಕೆಳಗೆ ಕೆಂಪು ಕಣ ಹೇಗೆ ಕಾಣುತ್ತದೆ ಅಂತ ಒಂದು ಸಾಲೂ ಇಲ್ಲವಲ್ಲ. ‘ದ್ವಿನಿಮ್ನ ತಟ್ಟೆಯಾಕಾರ’ ಅಂತ ಬರೆದರೆ ಯಾರಿಗೆ ಕಣ್ಣಿಗೆ ಕಟ್ಟುತ್ತದೆ? ತೂತು ಕೊರೆಯಲು ಹೋಗಿ ಅರ್ಧಕ್ಕೇ ಬಿಟ್ಟ ಉದ್ದಿನ ವಡೆ ಅನ್ನಿ. ಅಥವಾ ನಿಮ್ಮದೇ ಹೋಲಿಕೆ ಹುಡುಕಿ, ನನ್ನದು ಬೆಳಗಿನ ತಿಂಡಿಯ ಹೊತ್ತಿನದು. ಕಬ್ಬಿಣ ಕಮ್ಮಿಯಾದವರಲ್ಲಿ ಆ ಕಣ ಚಿಕ್ಕದಾಗಿ, ನಡುವಿನ ಬಿಳಿಚು ಜಾಗ ದೊಡ್ಡದಾಗಿ ಕಾಣುತ್ತದೆ, ಫೋಲಿಕ್ ಆಮ್ಲ ಅಥವಾ ಬಿ12 ಕಮ್ಮಿಯಾದರೆ ತಿರುಗುಮುರುಗು, ಕಣವೇ ಊದಿಕೊಂಡ ಹಾಗೆ ದೊಡ್ಡದು. ಈ ಎರಡನೆಯದರ ಹಿಂದೆ ಒಂದು ಒಳ್ಳೆಯ ಕಥೆ ಇದೆ. 1928ರಲ್ಲಿ ಲೂಸಿ ವಿಲ್ಸ್ ಅಂತ ಇಂಗ್ಲೆಂಡಿನ ವೈದ್ಯೆ ಮುಂಬೈಗೆ ಬಂದು, ಬಟ್ಟೆ ಗಿರಣಿಯಲ್ಲಿ ದುಡಿಯುವ ಬಡ ಗರ್ಭಿಣಿಯರ ರಕ್ತಹೀನತೆಯ ಬೆನ್ನು ಹತ್ತಿದರು. ಕೊನೆಗೆ ಅದನ್ನು ವಾಸಿ ಮಾಡಿದ್ದು ಮಾರ್ಮೈಟ್ ಅನ್ನುವ ಅಗ್ಗದ ಯೀಸ್ಟ್ ಲೇಹ್ಯ. ಅದರಲ್ಲಿದ್ದ ವಸ್ತುವೇ ಫೋಲಿಕ್ ಆಮ್ಲ ಅಂತ ಆಮೇಲೆ ಗೊತ್ತಾಯಿತು. ಇವತ್ತು ಆಶಾ ಕಾರ್ಯಕರ್ತೆ ಬಸುರಿಯರ ಕೈಗೆ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇರುವುದು ಅದೇ.

ಪ್ಲಾಸ್ಮಾದ ಪ್ಯಾರಾ ಪರವಾಗಿಲ್ಲ, ತಪ್ಪಿಲ್ಲ. ಆದರೆ ‘ಶೇ 55, ಅದರಲ್ಲಿ ಶೇ 90 ನೀರು’ ಅನ್ನುವ ಬದಲು ಇಎಸ್‌ಆರ್ (ಕೆಂಪು ಕಣ ಎಷ್ಟು ಬೇಗ ಕೆಳಗಿಳಿಯುತ್ತದೆ ಅಂತ ನೋಡುವ ಪರೀಕ್ಷೆ) ಟ್ಯೂಬಿನಿಂದ ಶುರು ಮಾಡಿ. ನೆಟ್ಟಗೆ ನಿಲ್ಲಿಸಿದ ಒಂದು ಗಂಟೆಯಲ್ಲಿ ಕೆಂಪು ಕೆಳಗಿಳಿದು, ಮೇಲೆ ತಿಳಿ ಹಳದಿ ನೀರು ನಿಲ್ಲುತ್ತದಲ್ಲ, ಅದೇ ಪ್ಲಾಸ್ಮಾ. ಜಿಡ್ಡಿನ ಊಟ ಹೊಡೆದು ಬಂದವರ ಪ್ಲಾಸ್ಮಾ ಹಾಲು ಬೆರೆಸಿದ ಹಾಗೆ ಬೆಳ್ಳಗಿರುವುದನ್ನು ನೀವು ಕಂಡಿರುತ್ತೀರಿ. ಊಟದ ಕೊಬ್ಬು ಹೀಗೆ ರಕ್ತದಲ್ಲಿ ತೇಲುವುದನ್ನು ಕಂಡವನು ಜನ್ಮದಲ್ಲಿ ಮರೆಯುವುದಿಲ್ಲ. ಹಾಗೇ ಆ ನೇರಳೆ ಮುಚ್ಚಳದ ಟ್ಯೂಬ್. ಅದರಲ್ಲಿ ರಕ್ತ ಯಾಕೆ ಹೆಪ್ಪುಗಟ್ಟುವುದಿಲ್ಲ? ಒಳಗಿರುವ ಇಡಿಟಿಎ ಅನ್ನುವ ರಾಸಾಯನಿಕ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಕ್ಯಾಲ್ಸಿಯಂ ಇಲ್ಲದೆ ಹೆಪ್ಪುಗಟ್ಟುವ ಕೆಲಸ ಮುಂದೆ ಸಾಗದು. ನಿಮ್ಮ ಅರ್ಧ ಪುಟದ ‘ರಕ್ತ ಹೆಪ್ಪುಗಟ್ಟುವಿಕೆಯ ಸೋಪಾನಗಳು’ ಈ ಒಂದು ಮುಚ್ಚಳದ ಕೆಳಗೆ ಅಡಗಿ ಕೂತಿದೆ.

ಡೆಂಗಿ ಪ್ಯಾರಾ ಪೂರ್ತಿ ಹೋಗಬೇಕು. ಪಪ್ಪಾಯಿ ಎಲೆ ರಸ ಕುಡಿದರೆ ಸಾಕು ಅಂತ ಬರೆದ ಲೇಖನವನ್ನು ನಾನು ಹಾಕುವುದಿಲ್ಲ, ಅದನ್ನು ನಂಬಿ ಯಾರೋ ಆಸ್ಪತ್ರೆಗೆ ತಡವಾಗಿ ಹೋದರೆ ಆ ಪಾಪ ನಮಗೂ ಸುತ್ತಿಕೊಳ್ಳುತ್ತದೆ. ಮಳೆಗಾಲ ಬಂದರೆ ಊರೆಲ್ಲ ಕ್ರಿಕೆಟ್ ಸ್ಕೋರ್ ಥರ ಪ್ಲೇಟ್‌ಲೆಟ್ ಲೆಕ್ಕ ಕೇಳುತ್ತದೆ, ನಿಜ. ಮೈಕ್ರೋಲೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕಾದ್ದು 60 ಸಾವಿರಕ್ಕೆ ಬಂದರೆ ಮನೆಯವರ ಜೀವ ಬಾಯಿಗೆ ಬರುತ್ತದೆ. ಆದರೆ ಡೆಂಗಿಯಲ್ಲಿ ದೊಡ್ಡ ಅಪಾಯ ಸಣ್ಣ ರಕ್ತನಾಳಗಳಿಂದ ಪ್ಲಾಸ್ಮಾ ಸೋರಿ ಹೋಗುವುದು, ಅದೂ ಜ್ವರ ಇಳಿಯಿತು ಅಂತ ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೆ. ನೀರಿನಂಶ ಸೋರಿದರೆ ಉಳಿದ ರಕ್ತ ಗಟ್ಟಿಯಾಗುತ್ತದೆ, ರಿಪೋರ್ಟಿನಲ್ಲಿ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ, ಅಥವಾ ಹೊಟ್ಟೆನೋವು, ನಿಲ್ಲದ ವಾಂತಿ ಇದ್ದರೆ, ತಕ್ಷಣ ಆಸ್ಪತ್ರೆ. ಇದನ್ನು ಬರೆಯಿರಿ. ಇನ್ನೊಂದು, ಇದು ನಿಮ್ಮ ಕಸುಬಿನವರೊಬ್ಬರು ನನಗೆ ಹೇಳಿದ್ದು: ಕೆಲವರ ಪ್ಲೇಟ್‌ಲೆಟ್‌ಗಳು ಇಡಿಟಿಎ ಟ್ಯೂಬಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ, ಯಂತ್ರ ಗುಂಪನ್ನು ಲೆಕ್ಕಕ್ಕೆ ಹಿಡಿಯದೆ ಸುಳ್ಳು ಕಮ್ಮಿ ತೋರಿಸುತ್ತದೆ, ಸ್ಲೈಡ್ ಹಾಕಿ ಕಣ್ಣಲ್ಲಿ ನೋಡಿದರೆ ಮಾತ್ರ ಗುಟ್ಟು ರಟ್ಟಾಗುತ್ತದೆ. ನಿಮಗೂ ಇಂಥದ್ದು ಸಿಕ್ಕಿದ್ದರೆ ಅದೇ ನಿಮ್ಮ ಲೇಖನದ ಮೊದಲ ಪ್ಯಾರಾ.

ಬಿಳಿ ಕಣಗಳ ಐದು ಬಗೆಯನ್ನು ಐದು ಪ್ಯಾರಾ ಮಾಡಿದ್ದೀರಿ. ಒಂದು ಸಾಕು. ‘ದೇಹದ ಸೈನಿಕರು’ ಅನ್ನುವ ಮಾತು ಸವೆದುಹೋಗಿದೆ, ಬಿಟ್ಟುಬಿಡಿ. ಗಾಯದ ಕೀವು ಅಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳ ರಾಶಿ ಅಂತ ಒಂದು ಸಾಲು ಬರೆದರೆ ಓದುಗ ತನ್ನ ಮೊಣಕಾಲಿನ ಹಳೇ ಗಾಯ ನೆನೆಸಿಕೊಳ್ಳುತ್ತಾನೆ. ಇಸಿನೋಫಿಲ್ ಹೆಸರು ಹೇಗೂ ಮನೆಮಾತು, ಅಲರ್ಜಿ, ಜಂತುಹುಳು ಇದ್ದಾಗ ಏರುತ್ತದೆ ಅಂತ ಹೇಳಿ ಮುಂದೆ ಹೋಗಿ.

ರಕ್ತದ ಗುಂಪಿನ ಭಾಗದಲ್ಲಿ 1901, ಲ್ಯಾಂಡ್‌ಸ್ಟೈನರ್, ವಿಯೆನ್ನಾ ಎಲ್ಲ ಸರಿ ಇದೆ. ಆದರೆ ‘ಒ ಗುಂಪಿನವರು ಯಾರಿಂದ ಬೇಕಾದರೂ ರಕ್ತ ಪಡೆಯಬಹುದು’ ಅಂತ ಬಂದಿದೆ. ತಿರುಗುಮುರುಗಾಗಿದೆ! ಕೈತಪ್ಪು ಅಂತ ಗೊತ್ತು, ಆದರೆ ಇಂಥ ಕೈತಪ್ಪು ಅಚ್ಚಾದರೆ ಗತಿ? ಅಲ್ಲೇ ಬಾಂಬೆ ಗುಂಪು ಅನ್ನುವ ಅಪರೂಪದ ರಕ್ತದ ಗುಂಪಿನ ವಿಷಯ ಸೇರಿಸಿ. 1952ರಲ್ಲಿ ಡಾ. ವೈ.ಎಂ. ಭೆಂಡೆ ಮುಂಬೈಯಲ್ಲಿ ಗುರುತಿಸಿದ್ದು. ಈ ಗುಂಪಿನವರ ಕೆಂಪು ಕಣಗಳ ಮೇಲೆ ಎ, ಬಿ ಅನ್ನುವ ಗುರುತು ಇರಲಿ, ಅವೆರಡಕ್ಕೂ ತಳಹದಿಯಾದ ಎಚ್ ಕೂಡ ಇರುವುದಿಲ್ಲ. ಬರೀ ಸ್ಲೈಡ್ ಪರೀಕ್ಷೆಯಲ್ಲಿ ನೋಡಿದರೆ ‘ಒ’ ಅನ್ನಿಸುತ್ತದೆ. ಆದರೆ ಒ ರಕ್ತವನ್ನೇ ಕೊಟ್ಟರೆ ಪ್ರಾಣಕ್ಕೆ ಕುತ್ತು. ಅವರ ಸೀರಮ್ಮಿಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಒ ಕಣ ಬೆರೆಸಿದಾಗ ಗಂಟುಗಟ್ಟಿದರೆ ಮಾತ್ರ ಅನುಮಾನ ಬರುವುದು. ಒಬ್ಬ ಟೆಕ್ನಿಶಿಯನ್ ಬೇಸರ ಮಾಡಿಕೊಳ್ಳದೆ ಇನ್ನೊಂದು ಟ್ಯೂಬ್ ಹಾಕಿದ್ದಕ್ಕೆ ಜೀವ ಉಳಿಯುವ ಜಾಗ ಅದು.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಲೋಹಿತ ರಕ್ತಕಣಿಕೆ’, ‘ಅಸ್ಥಿಮಜ್ಜೆ’, ‘ಕಿರುಫಲಕ’ ಅಂತ ನೀವು ಲ್ಯಾಬಿನಲ್ಲಿ ಯಾರ ಹತ್ತಿರವಾದರೂ ಮಾತಾಡಿದ್ದೀರಾ? ಕೆಂಪು ಕಣ, ಮೂಳೆ ಮಜ್ಜೆ, ಪ್ಲೇಟ್‌ಲೆಟ್ ಅನ್ನಿ. ರಕ್ತನಾಳಕ್ಕೆ ಜನ ‘ನರ’ ಅನ್ನುತ್ತಾರೆ, ‘ನರ ಸಿಗ್ತಿಲ್ಲ’ ಅಂತ ನೀವೂ ಅನ್ನುತ್ತೀರಿ. ಅದನ್ನು ಮಾತಿನಲ್ಲಿ ಹಾಗೇ ಬಿಡಿ, ವಿವರಿಸುವಾಗ ಮಾತ್ರ ನಾಳ ಅನ್ನಿ, ಇಲ್ಲದಿದ್ದರೆ ನರಮಂಡಲದ ಜೊತೆ ಗೊಂದಲ.

ಕೊನೆಯ ‘ರಕ್ತದಾನ ಮಹಾದಾನ’ ಪ್ಯಾರಾ, ಕವನದ ಸಮೇತ, ಬೇಡ. ದಾನದ ಬಗ್ಗೆ ಹೇಳಲೇಬೇಕಿದ್ದರೆ, ಕೊಟ್ಟ ಪ್ಲಾಸ್ಮಾ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣ ತುಂಬಲು ವಾರಗಟ್ಟಲೆ ಬೇಕು, ಅದಕ್ಕೇ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳ ಅಂತರ ಇಟ್ಟಿದ್ದಾರೆ ಅಂತ ಬರೆಯಿರಿ. ಹೆದರಿದವರಿಗೆ ಕವನಕ್ಕಿಂತ ಇದು ಉಪಯೋಗಕ್ಕೆ ಬರುತ್ತದೆ.

ಒಂದು ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ) ರಿಪೋರ್ಟನ್ನು ಮುಂದಿಟ್ಟುಕೊಂಡು ಮತ್ತೆ ಬರೆಯಿರಿ, ಮೇಲಿನಿಂದ ಕೆಳಗೆ ಅಲ್ಲ, ಜನ ನಿಮ್ಮನ್ನು ಯಾವುದನ್ನು ಮೊದಲು ಕೇಳುತ್ತಾರೋ ಅಲ್ಲಿಂದ. ಒಂದು ಸಾವಿರ ಪದ ಸಾಕು. ಮೊಬೈಲನ್ನು ಮೈಕ್ರೋಸ್ಕೋಪಿನ ಕಣ್ಣಿಗೆ ಹಿಡಿದು ಒಂದೆರಡು ಸ್ಲೈಡ್ ಫೋಟೋ ತೆಗೆದು ಜೊತೆಗೆ ಕಳಿಸಿ, ಕಬ್ಬಿಣ ಕಮ್ಮಿಯಿದ್ದ ಒಂದು, ಚೆನ್ನಾಗಿರುವ ಒಂದು. ನಿಮ್ಮ ಲ್ಯಾಬಿನ ಡಾಕ್ಟರ ಒಪ್ಪಿಗೆ ತಗೊಂಡು, ರೋಗಿಯ ಹೆಸರು, ನಂಬರು ಎಲ್ಲೂ ಕಾಣದ ಹಾಗೆ.