ಬೀಟೆ ಶೀಲ್ಡಿಗೆ ಸಿಂಹ ಕೂರಿಸೋ ಮುಂಚೆ ಮುಖ ಯಾವ ಕಡೆ ಅಂತ ನೋಡ್ಕೊಳ್ಳಿ

ಮಂಡ್ಯದ ಅಣ್ಣ ಹಾಕಿರೋ ಫೋಟೋ ನೋಡ್ದೆ. ಕ್ರಿಕೆಟ್ ಟೀಮಿನ ಶೀಲ್ಡು, ಬೀಟೆ ಮರ ಕೊರೆದು ಒಳಗೆ ಕೂರಿಸಿದ ಹಲಸಿನ ಮರದ ಸಿಂಹ, ಜಾಯಿಂಟಲ್ಲಿ ಕೂದಲೂ ತೂರಲ್ಲ, ಒಳ್ಳೆ ಕೈ ನಿಮ್ದು. ಆದ್ರೆ ಸಿಂಹ ನೋಡೋರ ಬಲಕ್ಕೆ ಮುಖ ಮಾಡಿದೆಯಲ್ಲಣ್ಣ, ಎಡಕ್ಕಿರ್ಬೇಕಿತ್ತು. ಲೇಸರ್ ಪ್ರಿಂಟ್ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿ ಇಳಿಸಿದ್ದೀರ ಅನ್ಸತ್ತೆ, ನಾನೂ ಹಿಂಗೇ ಉಲ್ಟಾ ಮಾಡ್ಕೊಂಡಿದ್ದೆ. ಟೋನರ್ (ಪ್ರಿಂಟಿನ ಕಪ್ಪು ಪುಡಿ) ಮರಕ್ಕೆ ಇಳಿದಾಗ ಎಡ ಬಲ ಅದಲು ಬದಲಾಗತ್ತೆ, ಅದಕ್ಕೇ ಪ್ರಿಂಟ್ ಕೊಡೋ ಮುಂಚೆ ಫ್ಲಿಪ್ ಮಾಡಿ, ಮೂಲೇಲಿ ಸಣ್ಣಗೆ ಮಂಡ್ಯ ಅಂತ ಟೈಪ್ ಮಾಡಿ, ಮರದ ಮೇಲೆ ಅದು ಓದಕ್ಕಾದ್ರೆ ಸಿಂಹಾನೂ ಸರಿ.

ಯಾಕೆ ಎಡಕ್ಕೇ ಅಂದ್ರೆ, ಯುರೋಪಿನ ಲಾಂಛನ ಶಾಸ್ತ್ರದಲ್ಲಿ ಶೀಲ್ಡಿನ ಎಡ ಬಲ ಲೆಕ್ಕ ಹಾಕೋದು ಹಿಡ್ಕೊಂಡೋನ ಕಡೆಯಿಂದ. ಅವನ ಬಲ ಅಂದ್ರೆ ನಮ್ಮ ಎಡ. ಎಡಗೈಲಿ ಗುರಾಣಿ ಹಿಡಿದು ಮುನ್ನುಗ್ಗೋನ ಸಿಂಹ ಮುಂದಕ್ಕೆ ನೋಡ್ಬೇಕು, ಉಲ್ಟಾ ಇದ್ರೆ ಓಡಿಹೋಗ್ತಿರೋ ಹಂಗೆ ಕಾಣತ್ತೆ. ಎರಡು ಸಿಂಹ ಎದುರುಬದುರು ಇದ್ರೆ ಈ ಮಾತು ಬೇರೆ. ಬೇಲೂರಿನ ಹೊಯ್ಸಳ ಲಾಂಛನಾನ ಈ ನಿಯಮದಲ್ಲಿ ಅಳೀಬೇಡಿ, ಅದು ಸಳ ಸಿಂಹನ ಹೊಡೆಯೋ ಕಥೆ, ಶೀಲ್ಡಿನ ಶಾಸ್ತ್ರ ಅಲ್ಲ.

ಇನ್ನು ಜೂಲು. ದಯವಿಟ್ಟು ಫೋಟೋ ನೋಡಿ ಒಂದೊಂದು ಕೂದಲು ಕೊರೆಯೋದು ಬಿಡಿ. ನಾನು ಮಾಡೋದು ಇಷ್ಟೇ, ಔಟ್‌ಲೈನ್ ಒಳಗೆಲ್ಲ ಕಪ್ಪು ಫಿಲ್ ಮಾಡಿ, ಪ್ರಿಂಟ್ ಗೋಡೆಗೆ ಅಂಟಿಸಿ, ರೂಮಿನ ಆ ತುದಿಗೆ ಹೋಗಿ ನೋಡೋದು. ಕಣ್ಣು, ಮೀಸೆ, ಹಲ್ಲು ಏನೂ ಇಲ್ದೆ ಸಿಂಹ ಅಂತ ಗೊತ್ತಾಗ್ಬೇಕು. ಆಗ್ಲಿಲ್ಲ ಅಂದ್ರೆ ಸೊಂಟ ಇನ್ನೂ ಸಣ್ಣ ಮಾಡಿ, ಕಾಲುಗಳ ಮಧ್ಯೆ ಜಾಗ ಬಿಡಿ, ಹಿಂದಿನ ಬೀಟೆ ಅಲ್ಲಿ ಕಾಣ್ಬೇಕು, ಬಾಲ ಎಸ್ ಥರ ಮೇಲಕ್ಕೆ ಎತ್ತಿ ಖಾಲಿ ಮೂಲೆ ತುಂಬಿಸಿ. ಸ್ಕಾಟ್ಲೆಂಡ್ ರಾಜಲಾಂಛನದ ಸಿಂಹ ನೋಡಿ, ಚಿನ್ನದ ಬಣ್ಣದ ಮೇಲೆ ಕೆಂಪು, ಒಂದು ಹಿಂಗಾಲ ಮೇಲೆ ನಿಂತು ಮಿಕ್ಕ ಮೂರೂ ಗಾಳೀಲಿ, ನಾಲಿಗೆ ಉಗುರು ನೀಲಿ ಯಾಕಂದ್ರೆ ಮೈಯೇ ಕೆಂಪು. ದೂರದಿಂದ ಗುರುತು ಸಿಗೋಕೇ ಅಷ್ಟೆಲ್ಲ ಮಾಡಿರೋದು. ಚಿನ್ನ (ಅಂದ್ರೆ ಹಳದಿ), ಬೆಳ್ಳಿ (ಅಂದ್ರೆ ಬಿಳಿ) ಒಂದರ ಮೇಲೊಂದು ಹಾಕ್ಬಾರ್ದು ಅನ್ನೋ ನಿಯಮಾನೂ ಅದಕ್ಕೇ. ಬಿಳಿ ಮರದ ಮೇಲೆ ಹಲಸು ಕೂರಿಸೋರು ಇದನ್ನ ಓದ್ಕೊಳ್ಳಿ. ಬೀಟೆ ಮೇಲೆ ಹಲಸು ಚೆನ್ನಾಗೇ ಎದ್ದು ಕಾಣತ್ತೆ, ಆದ್ರೆ ವರ್ಷ ಕಳೀತಾ ಹಲಸು ಕಂದು ತಿರುಗತ್ತೆ, ಬಿಸಿಲು ಬೀಳೋ ಗೋಡೇಲಿ ನೇತು ಹಾಕ್ಬೇಡಿ.

ಬಾಲ ಮುರಿಯೋದು ಗ್ರೇನ್ (ಮರದ ಎಳೆ) ಅಡ್ಡ ಬಂದಾಗ. ಬಾಲಾನ ಎರಡು ಪೀಸಲ್ಲಿ ಕತ್ತರಿಸಿ, ಎರಡರಲ್ಲೂ ಗ್ರೇನ್ ಉದ್ದಕ್ಕೆ ಹೋಗ್ಲಿ. ಫ್ರೆಟ್‌ಸಾಗೆ (ಸಣ್ಣ ಬ್ಲೇಡಿನ ಗರಗಸ) ಹೆಸ್ರಿಲ್ದ ಅಗ್ಗದ ಬ್ಲೇಡ್ ಹಾಕಿ ಆಮೇಲೆ ಮರಾನ ಬೈಬೇಡಿ. ಅಂಟಿಗೆ ನನಗೆ ಫೆವಿಕಾಲ್ ಮರೀನ್ ಬಿಟ್ಟು ಬೇರೆ ಬೇಡ.

ಆ ಫೋಟೋ ಕೆಳಗೆ ಕಾಮೆಂಟಲ್ಲಿ ಒಬ್ರು ಟಿಪ್ಪು ಸಿಂಹ ಹಾಕಿ ಅಂದಿದ್ದಾರೆ. ಟಿಪ್ಪುದು ಹುಲಿ ಕಣ್ರೀ! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಮಾಡಿಸಿದ ಮೆಡಲಲ್ಲಿ ಬ್ರಿಟಿಷ್ ಸಿಂಹ ಹುಲಿನ ಕೆಡವಿ ಮೇಲೆ ನಿಂತಿದೆ, ಅದನ್ನ ಮಂಡ್ಯದ ಹುಡುಗ್ರಿಗೆ ಕೊಡ್ತೀರಾ? ಇನ್ನೊಬ್ರು ನಮ್ಮ ರಾಜ್ಯ ಲಾಂಛನದ ಸಿಂಹ ಅಂದಿದ್ದಾರೆ. ಗಂಡಭೇರುಂಡದ ಅಕ್ಕಪಕ್ಕ ಇರೋದು ಸಿಂಹ ಅಲ್ಲ, ಸೊಂಡಿಲಿರೋ ಶರಭ, ಹತ್ರದಿಂದ ನೋಡಿ. ಮೇಲಿರೋ ಸಾರನಾಥದ ಸಿಂಹಗಳನ್ನಂತೂ ಕ್ಲಬ್ ಶೀಲ್ಡಿಗೆ ಹಾಕೋ ಹಂಗೇ ಇಲ್ಲ, ರಾಷ್ಟ್ರ ಲಾಂಛನ ಬೇಕಾಬಿಟ್ಟಿ ಬಳಸಬಾರ್ದು ಅಂತ 2005ರ ಕಾನೂನಿದೆ.

ಅಣ್ಣ, ಈ ಶೀಲ್ಡಿಂದ ಸಿಂಹನ ಕೀಳಕ್ಕೆ ಹೋಗ್ಬೇಡಿ, ಬೀಟೆ ಹಾಳಾಗತ್ತೆ. ಫಿನಿಶಿಂಗಾದ್ರೂ ಸರಿ ಮಾಡಿ. ಮರಳು ಕಾಗದ ಉಜ್ಜಿದ್ರೆ ಬೀಟೆ ಪುಡಿ ಹಲಸಿನೊಳಗೆ ಹೊಕ್ಕಿ ಸಿಂಹ ಮಂಕಾಗತ್ತೆ, ಮೊದಲು ತೆಳ್ಳಗೆ ಶೆಲಾಕ್ (ಅರಗಿನ ಪಾಲಿಶ್) ಹೊಡೆದು ಒಣಗಿಸಿ ಆಮೇಲೆ ಸ್ಕ್ರೇಪರಲ್ಲಿ (ಹೆರೆಯೋ ತಗಡು) ಎಳೀರಿ. ಮಾಸ್ಕ್ ಹಾಕ್ಕೊಳ್ಳಿ, ಬೀಟೆ ಪುಡಿ ಕೆಲವ್ರಿಗೆ ಮೂಗು ಮೈ ಎಲ್ಲ ಕೆರೆಸತ್ತೆ.